ಅವ್ವನ ಮನೆಯ ವಿಳಾಸ

ನಾನು ಧಾರವಾಡದಲ್ಲಿ ಓದುತ್ತಿದ್ದಾಗ ಅವ್ವನಿಗೆ ಕಾಗದ ಬರೆಯುವುದು ಬಹು ಸುಲಭವಾಗಿತ್ತು. ಅಪ್ಪನ ಹೆಸರು, ಅದರ ಕೆಳಗೆ 'ಮು. ಪೋ. ತಿಕೋಟಾ, ಜಿ. ಬಿಜಾಪುರ' ಎಂದು ಬರೆದರೆ ಸಾಕು, ಕಾಗದ ಮನೆ ಸೇರುತ್ತಿತ್ತು. 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾಯಿತು. ಮುಂದೆ ತಿಕೋಟಾ ತಾನೇ ತಾಲ್ಲೂಕು ಸ್ಥಳವಾಯಿತು. ಆದರೂ ಹಳೆಯ ವಿಳಾಸದ ಲಕೋಟೆಗಳು ದಾರಿ ತಪ್ಪಲಿಲ್ಲ. ಅಂಚೆಯವನಿಗೆ ಎರಡು ಹೆಸರೂ ಗೊತ್ತು.

ಅಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬಳೇ ಉಳಿದಳು. ಬೆಂಗಳೂರಿಗೆ ಬರಲು ಎಷ್ಟು ಕರೆದರೂ ಒಪ್ಪಲಿಲ್ಲ. ಒಂದು ದಿನ ಪಡಸಾಲೆಯಲ್ಲಿ ಕಾಲು ಜಾರಿ ಬಿದ್ದು, ನೆರೆಮನೆಯವರು ಬಂದು ಎಬ್ಬಿಸುವವರೆಗೆ ಅರ್ಧ ದಿನ ಹಾಗೆಯೇ ಮಲಗಿದ್ದಳು. ಸುದ್ದಿ ಕೇಳಿ ನನಗೆ ನಿದ್ರೆ ಹತ್ತಲಿಲ್ಲ. ಮನೆಗೆ ಅಂತರ್ಜಾಲ ಹಾಕಿಸಿ, ಪಡಸಾಲೆಯಲ್ಲಿ ಕ್ಯಾಮರಾ ಇಡಿಸಿದೆ. ಆದರೆ ಬೆಂಗಳೂರಿನಿಂದ ಎಷ್ಟು ಪ್ರಯತ್ನಿಸಿದರೂ ಅದು ಸಿಗಲೊಲ್ಲದು.

"ಸರ, ನಿಮ್ಮ ಮನೀಗೆ ಸ್ವಂತ ವಿಳಾಸ ಇಲ್ಲರಿ. ಎಷ್ಟೋ ಮನೀಗೆ ಕೂಡಿ ಒಂದ ನಂಬರ ಐತಿ," ಎಂದ ರಿಪೇರಿಯ ಹುಡುಗ.

ಅವ್ವ ಕೆರಳಿದಳು. "ಅಲ್ಲೋ ತಮ್ಮಾ, ಅರವತ್ತು ವರ್ಷದಿಂದ ಈ ಮನೀಗೆ ಕಾಗದ ಮುಟ್ಟತಾವ. ಈಗ ವಿಳಾಸ ಇಲ್ಲ ಅಂದ್ರ ಹೆಂಗ?"

ಹುಡುಗ ಹೇಳಿದ್ದು ನಿಜವೇ. ಅಂತರ್ಜಾಲದಲ್ಲಿ ಯಂತ್ರಗಳಿಗೂ ಅಂಕಿಗಳ ವಿಳಾಸವುಂಟು. 1981ರಲ್ಲಿ ನಿಗದಿಯಾದ ನಾಲ್ಕನೆಯ ಆವೃತ್ತಿಯ ನಿಯಮದಂತೆ ಅದರ ಉದ್ದ 32 ಬಿಟ್. ಒಟ್ಟು ವಿಳಾಸಗಳು ಸುಮಾರು 429 ಕೋಟಿ. ಅಂದು ಅದು ಮುಗಿಯದ ಭಂಡಾರವೆನಿಸಿತ್ತು. 2011ರ ಫೆಬ್ರವರಿಯಲ್ಲಿ ಜಗತ್ತಿನ ಕೇಂದ್ರ ಉಗ್ರಾಣವೇ ಬರಿದಾಯಿತು. ಅದಕ್ಕೆ ಕಂಡ ಉಪಾಯವೆಂದರೆ ಹಲವು ಮನೆಗಳಿಗೆ ಒಂದೇ ವಿಳಾಸ ಹಂಚುವುದು. ಒಳಗಿನವರು ಹೊರಗೆ ಹೋಗಿ ಬರಬಹುದು. ಆದರೆ ಹೊರಗಿನಿಂದ ಬಂದವನು ಇಂಥವರ ಮನೆ ಯಾವುದೆಂದು ಕೇಳಿದರೆ ತೋರಿಸುವವರಿಲ್ಲ.

ನಿಜವಾದ ಪರಿಹಾರ ಆರನೆಯ ಆವೃತ್ತಿ. 1998ರಲ್ಲಿ ರೂಪುಗೊಂಡು, 2017ರಲ್ಲಿ ಪೂರ್ಣ ಮಾನಕವೆನಿಸಿದ ಇದರ ವಿಳಾಸ 128 ಬಿಟ್ ಉದ್ದ. ಲಭ್ಯ ವಿಳಾಸಗಳನ್ನು ಎಣಿಸಿ ಬರೆದರೆ 39 ಅಂಕಿಗಳ ಸಂಖ್ಯೆ! ಆದರೆ ತೊಡಕೊಂದುಂಟು: ಹಳೆಯದರ ಮಾತು ಹೊಸದಕ್ಕೆ ತಿಳಿಯದು. ಅಂಚೆಯವನ ದಾಕ್ಷಿಣ್ಯ ಯಂತ್ರಕ್ಕೆಲ್ಲಿಯದು? ಆದುದರಿಂದಲೇ ಎಷ್ಟೋ ವರ್ಷಗಳಿಂದ ಎರಡನ್ನೂ ಜೊತೆಯಾಗಿ ನಡೆಸಬೇಕಾಗಿ ಬಂದಿದೆ.

ನನ್ನ ಫೋನಿಗೆ ಹೊಸ ವಿಳಾಸ ಆಗಲೇ ಇತ್ತು. ಅವ್ವನ ಮನೆಗೂ ಕೇಳಿ ಪಡೆದೆವು. ಕ್ಯಾಮರಾ ಮಾತ್ರ ಹಳೆಯ ಭಾಷೆಯದು, ಅದನ್ನು ಬದಲಿಸಿದೆವು. ವಿಳಾಸ ಸಿಕ್ಕಿತೆಂದು ಬಾಗಿಲು ತೆರೆದಿಡಬಾರದಷ್ಟೆ. ಬಲವಾದ ಗುಪ್ತಪದವನ್ನೂ ಹಾಕಿಸಿದೆ.

ಮರುದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ಚಹಾ ಕುಡಿಯುತ್ತ ನೋಡಿದೆ. ಅವ್ವ ಪಡಸಾಲೆಯಲ್ಲಿ ಕುಳಿತು ಒಣದ್ರಾಕ್ಷಿ ಆರಿಸುತ್ತಿದ್ದಳು. ಕಣ್ಣು ತುಂಬಿ ಬಂದಿತು. ಕೂಡಲೇ ಫೋನು ಮಾಡಿದೆ.

"ನೋಡಿದೆಲ್ಲಾ? ಛಲೋ ಆತು," ಎಂದಳು. ಸ್ವಲ್ಪ ತಡೆದು, "ನೀ ನನ್ನ ನೋಡತಿ, ನಾ ನಿನ್ನ ನೋಡೋದು ಹೆಂಗ? ಕಾಗದ ಬರಿಯೋದು ಯಾಕ ಬಿಟ್ಟೀ?" ಎಂದಳು.

ಅಂದು ಸಂಜೆ ಅಂಚೆ ಕಚೇರಿಗೆ ಹೋಗಿ ಹತ್ತು ಕಾರ್ಡು ತಂದೆ.