ಮೂಗು ಸುಳ್ಳು ಹೇಳಲಿಲ್ಲ

ಚಿತ್ರದುರ್ಗದಲ್ಲಿ ನಮ್ಮ ಮಾಮು ಒಂದು ಸಣ್ಣ ಗ್ಯಾರೇಜ್ ನಡೆಸುತ್ತಾರೆ. ಭಾನುವಾರ ಅಲ್ಲಿ ಕೆಲಸ ಕಡಿಮೆ, ಮಾತು ಜಾಸ್ತಿ. ಅವತ್ತು ಬರುವವರಿಗೆಲ್ಲ ಕಾರಿನ ಹುಚ್ಚು. ಹಿರಿಯೂರಿನಿಂದ ಬರುವವರು ಟ್ಯಾಕ್ಸಿ ಓಡಿಸುತ್ತಾರೆ. ಹೊಸದುರ್ಗದವರಿಗೆ ತೆಂಗಿನ ತೋಟವಿದೆ. ಹೊಳಲ್ಕೆರೆಯವರದು ಅಡಿಕೆ ವ್ಯಾಪಾರ. ಮಾಮು ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. "ಹಿರಿಯೂರು ಬಂತಾ? ಹೊಸದುರ್ಗಕ್ಕೆ ಟೀ ಕೊಡು" ಎನ್ನುತ್ತಾರೆ. ಹೊಸಬರು ಕೇಳಿದರೆ ಇದು ಗ್ಯಾರೇಜೋ ಬಸ್ ಸ್ಟ್ಯಾಂಡೋ ಎಂದು ಅನುಮಾನಪಡಬೇಕು.

ಕಳೆದ ಬೇಸಿಗೆ ರಜೆಯಲ್ಲಿ ಒಂದು ದಿನ ಹೊಳಲ್ಕೆರೆ ಅಣ್ಣನ ಹಳೆಯ ಪೆಟ್ರೋಲ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತ್ತು. ಮೈಲೇಜೂ ಇಳಿದಿತ್ತು.

"ದೀಪದ ಮೇಲೆ ಒಂದು ಕಪ್ಪು ಟೇಪ್ ಅಂಟಿಸು, ರಿಪೇರಿ ಆಯ್ತು" ಎಂದರು ಹಿರಿಯೂರು ಅಣ್ಣ.

ಮಾಮು ಸ್ಕ್ಯಾನರ್ ನನ್ನ ಕೈಗೆ ಕೊಟ್ಟರು. ಪೆಟ್ರೋಲ್ ಸಾಲದು, ಗಾಳಿ ಹೆಚ್ಚು ಎಂಬ ಅರ್ಥದ ಕೋಡ್ ಬಂತು. ಅದನ್ನು ಎಂಜಿನ್ ಕಂಪ್ಯೂಟರಿಗೆ ಹೇಳುವುದು ಸೈಲೆನ್ಸರ್ ಪೈಪಿನಲ್ಲಿ ಕೂತಿರುವ ಆಕ್ಸಿಜನ್ ಸೆನ್ಸರ್. ಮಾಮು ಅದನ್ನು 'ಮೂಗು' ಎನ್ನುತ್ತಾರೆ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಅದು ಮೂಸಿ ನೋಡುತ್ತದೆ. 1 ಕೆಜಿ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಲೆಕ್ಕ ತಪ್ಪಿದರೆ ಮೂಗು ಹೇಳುತ್ತದೆ, ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ.

"ನನ್ನ ಹಳೇ ಅಂಬಾಸಿಡರ್‌ಗೆ ಮೂಗೇ ಇರಲಿಲ್ಲ, ಆದ್ರೂ ಓಡ್ತಿತ್ತು" ಎಂದರು ಹೊಸದುರ್ಗದ ಅಣ್ಣ.

"ಅದಕ್ಕೇ ಅದರ ಹಿಂದೆ ಹೋದವರೆಲ್ಲ ಮೂಗು ಮುಚ್ಕೋತಿದ್ರು!" ಹಿರಿಯೂರು ಬಿಡಲಿಲ್ಲ. "ಅದಿರಲಿ, ಇದಕ್ಕೆ ಎರಡೆರಡು ಮೂಗು ಯಾಕಪ್ಪ?"

ನಾನು ವಿವರಿಸಿದೆ. ಮೊದಲನೆಯದು ಎಂಜಿನ್ನಿನ ಲೆಕ್ಕ ಒಪ್ಪಿಸುತ್ತದೆ. ಎರಡನೆಯದು ಹೊಗೆ ಶುದ್ಧ ಮಾಡುವ ಕನ್ವರ್ಟರ್ ನೆಟ್ಟಗೆ ಕೆಲಸ ಮಾಡುತ್ತಿದೆಯೇ ಎಂದು ಕಾಯುತ್ತದೆ. "ಪರೀಕ್ಷೆ ಹಾಲಿನಲ್ಲಿ ಮೇಲ್ವಿಚಾರಕರು ಇದ್ದರೂ ಸ್ಕ್ವಾಡ್ ಬರಲ್ವಾ, ಹಾಗೆ" ಎಂದೆ. ಎಲ್ಲರೂ ನಕ್ಕರು. ನನಗೆ ಉಬ್ಬಿತು. ಅದೇ ಉಬ್ಬಿನಲ್ಲಿ ತೀರ್ಪನ್ನೂ ಕೊಟ್ಟುಬಿಟ್ಟೆ: "ಮೊದಲನೇ ಸೆನ್ಸರ್ ಹೋಗಿದೆ. ಹೊಸದು ಹಾಕ್ಬೇಕು."

ಮಾಮು ಬೇರೆ ಗಾಡಿಯ ಕೆಳಗೆ ಮಲಗಿದ್ದರು. "ಖಾತ್ರಿನಾ ಬೇಟಾ?" ಎಂದು ಅಲ್ಲಿಂದಲೇ ಕೇಳಿದರು. ಖಾತ್ರಿ ಎಂದೆ. ಹೊಳಲ್ಕೆರೆ ಅಣ್ಣ ಮೂರು ಸಾವಿರಕ್ಕೂ ಹೆಚ್ಚು ಕೊಟ್ಟು ಹೊಸ ಸೆನ್ಸರ್ ತರಿಸಿದರು. ಕೋಡ್ ಅಳಿಸಿದೆವು. ದೀಪ ಆರಿತು. ನಾನು ಎರಡು ದಿನ ಎಂಜಿನಿಯರ್ ಆಗಿದ್ದೆ.

ಮೂರನೇ ದಿನ ಅವರು ತಾಯಿಯನ್ನು ಕೂರಿಸಿಕೊಂಡು ದಾವಣಗೆರೆ ಆಸ್ಪತ್ರೆಗೆ ಹೊರಟಿದ್ದಾಗ ದಾರಿಯಲ್ಲಿ ಮತ್ತೆ ದೀಪ ಹತ್ತಿತು. ಗಾಡಿ ಎಲ್ಲಿ ನಿಂತುಬಿಡುತ್ತದೋ ಎಂದು ಆ ತಾಯಿ ದಾರಿಯುದ್ದಕ್ಕೂ ಆ ದೀಪವನ್ನೇ ನೋಡುತ್ತ ಕೂತಿದ್ದರಂತೆ. ಅಣ್ಣ ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಟೀ ಕುಡಿಯುತ್ತ ಹೇಳಿದರು. ನನಗೆ ಮಾತ್ರ ಅವತ್ತು ಟೀ ಗಂಟಲಲ್ಲಿ ಇಳಿಯಲಿಲ್ಲ.

ಮಾಮು ಏನೂ ಅನ್ನದೆ ನಾನು ಬಿಚ್ಚಿಟ್ಟಿದ್ದ ಹಳೆಯ ಸೆನ್ಸರನ್ನು ವೈಸ್‌ಗೆ ಸಿಕ್ಕಿಸಿದರು. ಅದರ ವೈರಿಗೆ ಮಲ್ಟಿಮೀಟರ್ ಜೋಡಿಸಿ, ತುದಿಗೆ ಗ್ಯಾಸ್ ಟಾರ್ಚಿನ ಉರಿ ಹಿಡಿದರು. ಅದು ಕಾದು ಕೆಂಪಾಗುತ್ತಿದ್ದಂತೆ ಮೀಟರಿನ ಅಂಕಿ ಏರಿ 0.8 ವೋಲ್ಟ್ ದಾಟಿತು. ಉರಿ ಪಕ್ಕಕ್ಕೆ ತೆಗೆದರು, ಸರ್ರನೆ ಇಳಿಯಿತು. ಮತ್ತೆ ಹಿಡಿದರು, ಮತ್ತೆ ಏರಿತು.

"ಮೂಗು ಚೆನ್ನಾಗೇ ಇದೆ. ಅದು ನಿಜಾನೇ ಹೇಳಿತ್ತು. ಗಾಳಿ ಎಲ್ಲಿಂದ ಬಂತು ಅಂತ ನೀನು ಕೇಳಲಿಲ್ಲ" ಎಂದರು.

ಆಮೇಲೆ ಎಂಜಿನ್ ತಣ್ಣಗಿದ್ದಾಗ ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ, ಕಂಪ್ರೆಸರಿನಿಂದ ಮೆಲ್ಲಗೆ ಗಾಳಿ ಬಿಟ್ಟು, ಪೈಪಿನ ಮೇಲೆ ಸೋಪಿನ ನೀರು ಹಚ್ಚಿದರು. ಪಂಕ್ಚರ್ ಹುಡುಕುವ ಹಳೆಯ ಉಪಾಯ! ಸೆನ್ಸರಿಗಿಂತ ಮುಂಚೆ, ಪೈಪು ಎಂಜಿನ್ನಿಗೆ ಕೂಡುವ ಕಡೆ ಗುಳ್ಳೆ ಎದ್ದವು. ಗ್ಯಾಸ್ಕೆಟ್ ಸುಟ್ಟುಹೋಗಿತ್ತು. ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತಿತ್ತು. ಮೂಗು 'ಗಾಳಿ ಹೆಚ್ಚು' ಎನ್ನುತ್ತಿತ್ತು, ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತಿತ್ತು. ರಿಪೇರಿಗೆ ಬೇಕಾಗಿದ್ದು ಒಂದು ಗ್ಯಾಸ್ಕೆಟ್ ಅಷ್ಟೆ.

ಸೆನ್ಸರಿನ ದುಡ್ಡನ್ನು ಮಾಮು ಅಣ್ಣನಿಗೆ ವಾಪಸ್ ಕೊಟ್ಟರು. ರಜೆ ಮುಗಿಯುವವರೆಗೆ ಗ್ಯಾರೇಜಿನಲ್ಲಿ ಕೂಲಿಯಿಲ್ಲದೆ ಕೆಲಸ ಮಾಡಿ ನಾನು ಅದನ್ನು ತೀರಿಸಿದೆ. ಹಳೆಯ ಸೆನ್ಸರನ್ನು ಮಾಮು ನನ್ನ ಕೈಗಿಟ್ಟು, "ಓದುವ ಟೇಬಲ್ ಮೇಲೆ ಇಟ್ಕೋ" ಎಂದರು.

ಕಾಲೇಜು ಶುರುವಾಗಿ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದಲ್ಲಿ ನೆರ್ನ್‌ಸ್ಟ್ ಸಮೀಕರಣ ಬಂತು. ಎರಡು ಕಡೆ ಸಾಂದ್ರತೆ ಬೇರೆಯಾದರೆ ನಡುವೆ ವೋಲ್ಟೇಜ್ ಹುಟ್ಟುತ್ತದೆ ಎಂದು ಉಪನ್ಯಾಸಕರು ಬೋರ್ಡಿನ ಮೇಲೆ ಬರೆದಾಗ ನನ್ನ ಕಣ್ಣೆದುರು ಗ್ಯಾಸ್ ಟಾರ್ಚ್ ಬಂದು ನಿಂತಿತು. ಸೆನ್ಸರಿನೊಳಗೆ ಇರುವುದು ಜಿರ್ಕೋನಿಯಾ ಎಂಬ ಪಿಂಗಾಣಿ. ಅದರ ಒಂದು ಬದಿಗೆ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾದರೆ ಎರಡೂ ಕಡೆಯ ಆಮ್ಲಜನಕದ ವ್ಯತ್ಯಾಸವೇ ವೋಲ್ಟೇಜ್ ಆಗುತ್ತದೆ. 1889ರ ಸೂತ್ರ 1976ರಲ್ಲಿ ಮೊದಲ ಬಾರಿಗೆ ವೋಲ್ವೋ ಕಾರುಗಳ ಸೈಲೆನ್ಸರಿಗೆ ಬಂದು ಕೂತಿತು. ವಾಲ್ಟರ್ ನೆರ್ನ್‌ಸ್ಟ್‌ಗೂ ಕಾರಿನ ಹುಚ್ಚಿತ್ತಂತೆ. ಜಿರ್ಕೋನಿಯಾ ಬಳಸಿ ಒಂದು ವಿದ್ಯುತ್ ದೀಪವನ್ನೂ ಅವರು ಮಾಡಿದ್ದರು. 1920ರ ನೊಬೆಲ್ ಪಡೆದ ಅವರು ನಮ್ಮ ಭಾನುವಾರದ ಬೆಂಚಿನಲ್ಲಿ ಕೂತಿದ್ದರೆ ಮಾಮು "ಜರ್ಮನಿಗೆ ಟೀ ಕೊಡು" ಎನ್ನುತ್ತಿದ್ದರು.

ಮೊನ್ನೆ ಹೊಳಲ್ಕೆರೆ ಅಣ್ಣ ಹೊಗೆ ತಪಾಸಣೆ ಮಾಡಿಸಿ ನೇರ ಗ್ಯಾರೇಜಿಗೆ ಬಂದರು. ಆ ಸರ್ಟಿಫಿಕೇಟಿಗೂ ಪಿಯುಸಿ ಎಂದೇ ಹೆಸರು. ಚೀಟಿಯನ್ನು ನನ್ನ ಮುಂದೆ ಆಡಿಸುತ್ತ ಎಲ್ಲರಿಗೂ ಕೇಳುವಂತೆ ಹೇಳಿದರು:

"ನನ್ ಗಾಡಿ ಪಿಯುಸಿ ಪಾಸಾಯ್ತು. ಇನ್ನು ನೀನೊಬ್ಬ ಬಾಕಿ ಕಣಪ್ಪ!"