ಹಗಲಲ್ಲೇ ಘಟ್ಟ ಇಳಿಯಬೇಕು

ಬೆಂಗಳೂರಿನಿಂದ ಮಂಗಳೂರಿಗೆ ಹೊರಟವರನ್ನು ಕೇಳಿ ನೋಡಿ, ಹೆಚ್ಚಿನವರು ರಾತ್ರಿ ಬಸ್ಸು ಅಥವಾ ರಾತ್ರಿ ರೈಲು ಎನ್ನುತ್ತಾರೆ. ಊಟ ಮುಗಿಸಿ ಹತ್ತಿ ಮಲಗಿದರೆ ಬೆಳಗಾಗುವ ಹೊತ್ತಿಗೆ ಊರು ಬಂದಿರುತ್ತದೆ, ಒಂದು ದಿನ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಕೋರ್ಟು ಕಚೇರಿಯ ಕೆಲಸಕ್ಕೆ, ಆಸ್ಪತ್ರೆಗೆ, ಮದುವೆ ಮುಹೂರ್ತಕ್ಕೆ ಹೋಗುವವರಿಗೆ ಆ ಲೆಕ್ಕ ಸರಿ. ರಜೆಯಲ್ಲಿ ಹೋಗುವವರಿಗೆ ಮಾತ್ರ ನಾನು ಬೇರೆ ಮಾತು ಹೇಳುತ್ತೇನೆ. ರಜೆಯ ದಿನ ಇರುವುದೇ ಖರ್ಚು ಮಾಡುವುದಕ್ಕೆ. ಅದರಲ್ಲಿ ಒಂದು ಇಡೀ ಹಗಲನ್ನು ದಾರಿಗೇ ಕೊಟ್ಟುಬಿಡಿ. ಬಯಲುಸೀಮೆ, ಮಲೆನಾಡು, ಕರಾವಳಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಮೂರು ನಾಡುಗಳು ಒಂದಾದ ಮೇಲೊಂದರಂತೆ ಕಣ್ಣೆದುರಿಗೆ ಬರುವ ದಾರಿ ಇದು. ಅದನ್ನು ನಿದ್ದೆಯಲ್ಲಿ ದಾಟಿಬಿಡುವುದು ದೊಡ್ಡ ನಷ್ಟ.

ಯಶವಂತಪುರದಿಂದ ಬೆಳಿಗ್ಗೆ ಹೊರಡುವ ರೈಲು ಮಂಗಳೂರು ಮುಟ್ಟಲು ಒಂಬತ್ತು ಹತ್ತು ಗಂಟೆ ತೆಗೆದುಕೊಳ್ಳುತ್ತದೆ. ಶ್ರವಣಬೆಳಗೊಳದ ಮೇಲಿಂದ ಹಾಸನಕ್ಕೆ ನೇರ ಹಳಿ ಪೂರ್ತಿಯಾದದ್ದು 2017ರಲ್ಲಿ. ನೆಲಮಂಗಲ ದಾಟುತ್ತಿದ್ದಂತೆ ನಗರದ ಕಟ್ಟಡಗಳು ಹಿಂದೆ ಸರಿದು, ಬಂಡೆಗುಡ್ಡಗಳು, ನೀಲಗಿರಿ ತೋಪುಗಳು, ರಾಗಿ ಹೊಲಗಳು ಶುರುವಾಗುತ್ತವೆ. ದಸರಾ ರಜೆಯಲ್ಲಿ ಹೋದರೆ ರಾಗಿ ತೆನೆ ಹೊತ್ತಿರುತ್ತದೆ. ಹೊಲದ ಬದುವಿನ ಅಂಚಿಗೆ ಸಾಲು ಬಿಟ್ಟ ಅವರೆಬಳ್ಳಿ, ಅಲ್ಲೊಂದು ಇಲ್ಲೊಂದು ಹೊಂಗೆ ಮರ. ಕುಣಿಗಲ್, ಯಡಿಯೂರು ದಾಟಿದ ಮೇಲೆ ತೆಂಗಿನ ತೋಟಗಳು ಒತ್ತಾಗುತ್ತವೆ. ಶ್ರವಣಬೆಳಗೊಳದ ಹತ್ತಿರ ಬಂದಾಗ ಪೆಟ್ಟಿಗೆಯಲ್ಲಿ ಒಂದು ಚಲನೆ ಕಾಣುತ್ತದೆ. ಮಲಗಿದ್ದ ಮಕ್ಕಳನ್ನು ಎಬ್ಬಿಸುತ್ತಾರೆ, ವಯಸ್ಸಾದವರು ಕಿಟಕಿಗೆ ಬಾಗಿ ಕೈ ಮುಗಿಯುತ್ತಾರೆ. ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯ ನಿಲ್ಲಿಸಿದ ಮೂರ್ತಿಯಿರುವ ಬೆಟ್ಟಕ್ಕೆ, ಸಾವಿರ ವರ್ಷಗಳ ನಂತರ, ಓಡುವ ರೈಲಿನಿಂದಲೂ ಕೈ ಮುಗಿಯುತ್ತಾರೆ ಎಂಬುದು ನನಗೆ ಪ್ರತಿಸಲವೂ ಸಂತೋಷ ಕೊಡುತ್ತದೆ.

ಈ ಪ್ರಯಾಣಕ್ಕೆ ಒಂದಿಷ್ಟು ಸಿದ್ಧತೆ ಬೇಕು. ನಮ್ಮ ಮನೆಯಲ್ಲಿ ಅದು ಹಿಂದಿನ ರಾತ್ರಿಯೇ ಅಡುಗೆಮನೆಯಿಂದ ಶುರುವಾಗುತ್ತದೆ. ಬುತ್ತಿಯಲ್ಲಿ ಚಪಾತಿ, ಶೇಂಗಾ ಚಟ್ನಿಪುಡಿ, ಹೆರೆದ ಮಾವಿನಕಾಯಿಯ ಉಪ್ಪಿನಕಾಯಿ ಇರಲೇಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಮೊಸರನ್ನ. ದಾರಿಯ ಮೊಸರನ್ನಕ್ಕೆ ಮೊಸರು ಹಾಕಿ ಕಲಸಬಾರದು. ನಸುಕಿನಲ್ಲಿ ಅನ್ನವನ್ನು ಮೆತ್ತಗೆ ಮಾಡಿ, ಬಿಸಿ ಇರುವಾಗಲೇ ಸೌಟಿನಲ್ಲಿ ಮಸೆದು, ಕಾಯಿಸಿದ ಹಾಲನ್ನು ಧಾರಾಳವಾಗಿ ಹುಯ್ದು ಕಲಸಬೇಕು. ಉಗುರುಬೆಚ್ಚಗಾದ ಮೇಲೆ ಹೆಪ್ಪಿಗೆ ಬೇಕಾದಷ್ಟೇ ಮೊಸರು. ಆಮೇಲೆ ಸಾಸಿವೆ, ಇಂಗು, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ, ಚೂರು ಶುಂಠಿ. ಡಬ್ಬಿಗೆ ಹಾಕುವಾಗ ಅದು ಪಾಯಸದಷ್ಟು ತೆಳ್ಳಗಿರುತ್ತದೆ. ರೈಲು ಹಾಸನ ಬಿಡುವ ಹೊತ್ತಿಗೆ ಡಬ್ಬಿಯೊಳಗೇ ಹದವಾಗಿ ಹೆಪ್ಪುಗಟ್ಟಿರುತ್ತದೆ, ಹುಳಿ ಹತ್ತಿರುವುದಿಲ್ಲ. ನಮ್ಮಲ್ಲಿ ಒಂದು ಕಟ್ಟುನಿಟ್ಟು ಉಂಟು: ಊಟ ಸಕಲೇಶಪುರಕ್ಕೆ ಮೊದಲೇ ಮುಗಿಯಬೇಕು, ಡಬ್ಬಿ ತೊಳೆದು ಚೀಲಕ್ಕೆ ಸೇರಿರಬೇಕು. ಘಟ್ಟದಲ್ಲಿ ತಟ್ಟೆ ನೋಡುತ್ತ ಕೂತರೆ ಕಣ್ಣಿಗೆ ಉಪವಾಸ.

ಸಕಲೇಶಪುರ ಹತ್ತಿರ ಬಂದಂತೆ ಗಾಳಿ ಬದಲಾಗುತ್ತದೆ. ಬಿಸಿಲಿದ್ದರೂ ಬೆವರಿಲ್ಲ. ಸಿಲ್ವರ್ ಓಕ್ ಮರಗಳ ನೆಟ್ಟನೆಯ ಕಾಂಡಕ್ಕೆ ಮೆಣಸಿನ ಬಳ್ಳಿ ಹಬ್ಬಿ, ಅದರ ಕೆಳಗೆ ಕಾಫಿ ಗಿಡಗಳು ಎಲೆ ಮಿಂಚಿಸುತ್ತ ನಿಂತಿರುತ್ತವೆ. ದಸರಾ ಹೊತ್ತಿಗೆ ಕಾಯಿ ಇನ್ನೂ ಹಸಿರು. ಮಾರ್ಚ್ ಏಪ್ರಿಲಿನಲ್ಲಿ, ಹೂಮಳೆ ಬಿದ್ದ ಮೇಲಿನ ವಾರ ಈ ದಾರಿಯಲ್ಲಿ ಹೋಗುವ ಭಾಗ್ಯ ಸಿಕ್ಕಿದರೆ, ಗಿಡದ ರೆಂಬೆ ರೆಂಬೆಗೂ ಬಿಳಿಯ ಹೂವು ಒತ್ತೊತ್ತಾಗಿ ಕೂತಿರುತ್ತದೆ, ಕಿಟಕಿ ತೆರೆದಿದ್ದರೆ ಮಲ್ಲಿಗೆಯಂಥ ಪರಿಮಳ ಪೆಟ್ಟಿಗೆಯೊಳಕ್ಕೆ ನುಗ್ಗುತ್ತದೆ. ನಾಲ್ಕಾರು ದಿನದಲ್ಲಿ ಬಾಡುವ ಹೂವು ಅದು. 2021ರ ಜುಲೈಯಿಂದ ಈ ಹಗಲು ರೈಲಿಗೆ ಗಾಜಿನ ಸೂರಿನ ವಿಸ್ಟಾಡೋಮ್ ಪೆಟ್ಟಿಗೆ ಸೇರಿದೆ. ಬೆಟ್ಟದ ನೆತ್ತಿಯನ್ನು ಕತ್ತೆತ್ತದೆ ನೋಡಲು ಅದು ಚೆನ್ನ. ಆದರೆ ಹೂವಿನ ವಾಸನೆ, ಮಳೆಯ ಎರಚಲು, ಜೀರುಂಡೆಯ ಸದ್ದು ಇವೆಲ್ಲ ಬೇಕೆಂದರೆ ಕಿಟಕಿ ತೆರೆಯುವ ಸಾಮಾನ್ಯ ಪೆಟ್ಟಿಗೆಯೇ ಸರಿ. ನಾನು ಅಲ್ಲಿಯೇ ಕೂರುವವ, ಹೆಗಲಿಗೆ ಒಂದು ಟವೆಲ್ ಹಾಕಿಕೊಂಡು.

ಸಕಲೇಶಪುರದಲ್ಲಿ ರೈಲು ಸ್ವಲ್ಪ ಹೊತ್ತು ನಿಲ್ಲುತ್ತದೆ. ಇಳಿದು ಕಾಫಿ ಕುಡಿಯಬಹುದು. ರೈಲ್ವೆಯವರಿಗೆ ಅದು ಬಿಡುವಿನ ಹೊತ್ತಲ್ಲ, ಮುಂದಿನ ಇಳಿಜಾರಿಗೆ ಬ್ರೇಕುಗಳ ಪರೀಕ್ಷೆ ಆಗಬೇಕು. ಇಲ್ಲಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಸುಮಾರು 55 ಕಿಲೋಮೀಟರ್. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರಿನಿಂದ ರೈಲು ಘಟ್ಟದ ಬುಡಕ್ಕೆ ಇಳಿಯಬೇಕು. ಹಳಿಯ ಇಳಿಜಾರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋಗುವಷ್ಟರಲ್ಲಿ 1 ಮೀಟರ್ ಕೆಳಕ್ಕೆ. ರಸ್ತೆಗೆ ಇದು ಏನೂ ಅಲ್ಲ, ಉಕ್ಕಿನ ಮೇಲೆ ಉಕ್ಕು ಉರುಳುವ ರೈಲಿಗೆ ಬಹಳ ಕಡಿದು. ಆದ್ದರಿಂದಲೇ ಗಂಟೆಗೆ 30 ಕಿಲೋಮೀಟರ್ ಮೀರುವಂತಿಲ್ಲ. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ರೈಲು ಹಿಡಿತ ತಪ್ಪಿದರೆ ಅದನ್ನು ಎದುರು ಏರಿಗೆ ಹತ್ತಿಸಿ ನಿಲ್ಲಿಸಲು ಕವಲು ಹಳಿಗಳನ್ನೂ ಮಾಡಿಟ್ಟಿದ್ದಾರೆ. ಇಷ್ಟೆಲ್ಲ ಎಚ್ಚರದಿಂದಾಗಿ ಎರಡು ಗಂಟೆಗೂ ಮಿಕ್ಕಿ ನಾವು ಪಶ್ಚಿಮಘಟ್ಟದ ಒಡಲಿನಲ್ಲಿರುತ್ತೇವೆ. ರೈಲಿನ ನಿಧಾನವೇ ನೋಡುವವನಿಗೆ ಸಿಕ್ಕ ವರ.

ಈ ಹಳಿಯ ಚರಿತ್ರೆ ಸಣ್ಣದಲ್ಲ. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ ಪೂರ್ತಿಯಾದದ್ದು 1979ರಲ್ಲಿ. ತೊಂಬತ್ತರ ದಶಕದ ನಡುವಿನಲ್ಲಿ ಬ್ರಾಡ್ ಗೇಜ್ ಮಾಡಲೆಂದು ರೈಲು ನಿಲ್ಲಿಸಿದರು. ಮತ್ತೆ ಪ್ರಯಾಣಿಕರ ರೈಲು ಘಟ್ಟ ಇಳಿದದ್ದು 2007ರ ಡಿಸೆಂಬರಿನಲ್ಲಿ. ಆಗಲೂ ಮೊದಲು ಬಂದದ್ದು ರಾತ್ರಿ ರೈಲು, ಹಗಲು ರೈಲು ಬಂದದ್ದು ಆಮೇಲೆ. ಒಂದು ತಲೆಮಾರಿನ ಮಕ್ಕಳು ಈ ಘಟ್ಟವನ್ನು ರೈಲಿನಿಂದ ನೋಡದೆಯೇ ಬೆಳೆದುಬಿಟ್ಟರು.

ಸಕಲೇಶಪುರದಲ್ಲಿ ಹೇಮಾವತಿ ಇದ್ದಾಳೆ. ಅವಳು ಪೂರ್ವಕ್ಕೆ ಹರಿದು, ಗೊರೂರಿನ ಜಲಾಶಯ ತುಂಬಿ, ಕಾವೇರಿಯನ್ನು ಸೇರಿ ಬಂಗಾಳಕೊಲ್ಲಿಯವರೆಗೆ ಹೋಗುವವಳು. ದೋಣಿಗಲ್ ನಿಲ್ದಾಣ ದಾಟಿದ ಮೇಲೆ ಎದುರಾಗುವ ಹಳ್ಳಗಳೆಲ್ಲ ಪಶ್ಚಿಮಕ್ಕೆ ಮುಖ ಮಾಡಿದವು. ಅವು ಕೆಂಪುಹೊಳೆಗೆ, ಅಲ್ಲಿಂದ ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ ಅರಬ್ಬಿ ಸಮುದ್ರ ಮುಟ್ಟುತ್ತವೆ. ಒಂದೇ ಮೋಡದ ಮಳೆ ದಿಣ್ಣೆಯ ಆಚೆ ಬಿದ್ದರೆ ಒಂದು ಕಡಲಿಗೆ, ಈಚೆ ಬಿದ್ದರೆ ಇನ್ನೊಂದು ಕಡಲಿಗೆ. ಭೂಪಟದಲ್ಲಿ ಎಷ್ಟು ಸಲ ನೋಡಿದರೂ ಮನಸ್ಸಿಗೆ ಇಳಿಯದ ಈ ಸಂಗತಿ ಇಲ್ಲಿ ಕೂತವನಿಗೆ ಯಾರೂ ಹೇಳಿಕೊಡದೆ ತಿಳಿಯುತ್ತದೆ. ಅಷ್ಟು ಹೊತ್ತು ಸಮತಟ್ಟಾಗಿದ್ದ ನೆಲ ಒಮ್ಮೆಗೇ ಕಾಲ ಬುಡದಿಂದ ಜಾರುತ್ತದೆ, ನೀರೆಲ್ಲ ನಮ್ಮ ಜೊತೆಗೇ ಕೆಳಕ್ಕೆ ಓಡಲು ತೊಡಗುತ್ತದೆ.

ಒಮ್ಮೆ ನಮ್ಮ ಎದುರಿನ ಸೀಟಿನಲ್ಲಿ ಕೋಲಾರದ ಕಡೆಯ ಒಬ್ಬ ಅಜ್ಜಿ ಕೂತಿದ್ದರು, ಕುಟುಂಬದವರೊಂದಿಗೆ ಕುಕ್ಕೆಗೆ ಹೊರಟವರು. ಸೇತುವೆ ಬಂದಾಗಲೆಲ್ಲ ಕೆಳಗೆ ಬಗ್ಗಿ ನೋಡಿ ಮೌನವಾಗುತ್ತಿದ್ದರು. ಕೊನೆಗೆ ತಡೆಯಲಾರದೆ ಪಕ್ಕದವರನ್ನು ಕೇಳಿದರು:

"ಇಷ್ಟೊಂದು ನೀರು ಸುಮ್ಕೆ ಹರಿದು ಹೋಗ್ತೈತಲ್ಲಪ್ಪಾ? ನಮ್ಮ ಕಡೆ ಸಾವಿರ ಅಡಿ ಕೊರೆಸಿದ್ರೂ ಧೂಳು ಬರ್ತೈತೆ."

ಪಕ್ಕದವರು ಬಂಟ್ವಾಳದ ಕಡೆಯ ಕೃಷಿಕರು. ಅವರು ತುಸು ಯೋಚಿಸಿ ಹೇಳಿದರು: "ಸುಮ್ಮನೆ ಹೋಗುದಲ್ಲ ಅಮ್ಮಾ. ಹೊಳೆ ಸಮುದ್ರಕ್ಕೆ ಮುಟ್ಟದಿದ್ರೆ ಬೇಸಿಗೆಯಲ್ಲಿ ಉಪ್ಪುನೀರು ಮೇಲೆ ಬರ್ತದೆ. ಕಡಲ ಬದಿಯವರ ಬಾವಿ ಎಲ್ಲ ಹಾಳಾಗ್ತದೆ."

"ಹಂಗಾ," ಎಂದರು ಅಜ್ಜಿ. ಆಮೇಲೆ ಇಬ್ಬರೂ ಬಾವಿ, ಕೊಳವೆಬಾವಿ, ಮಳೆ ಎಂದು ಬಹಳ ಹೊತ್ತು ಮಾತಾಡಿದರು. ಇದೇ ಘಟ್ಟದ ಎತ್ತಿನಹೊಳೆಯ ನೀರನ್ನು ಬಯಲುಸೀಮೆಗೆ ಒಯ್ಯುವ ಯೋಜನೆಯ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇನೆ, ಲೇಖನ ಓದಿದ್ದೇನೆ. ನೀರಿಲ್ಲದ ನಾಡಿನವರೂ ನೀರಿರುವ ನಾಡಿನವರೂ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು, ಅದೇ ನೀರನ್ನು ನೋಡುತ್ತ, ಒಬ್ಬರ ಕಷ್ಟವನ್ನು ಒಬ್ಬರು ಕೇಳಿಸಿಕೊಂಡದ್ದನ್ನು ಕಂಡದ್ದು ಆ ರೈಲಿನಲ್ಲೇ. ರಾತ್ರಿ ರೈಲಿನಲ್ಲಿ ಅವರಿಬ್ಬರೂ ಮೇಲೊಂದು ಕೆಳಗೊಂದು ಬರ್ತಿನಲ್ಲಿ ಮಲಗಿರುತ್ತಿದ್ದರು.

ಸುರಂಗ ಬಂದಾಗ ಮಕ್ಕಳು "ಓ..." ಎಂದು ಕೂಗುತ್ತಾರೆ. ದೊಡ್ಡವರೂ ಕೂಗುತ್ತಾರೆ, ಕೂಗಬೇಕು. ಒಳಗೆ ಹಸಿಬಂಡೆಯ, ಪಾಚಿಯ ತಣ್ಣನೆಯ ವಾಸನೆ. ಹೊರಬಂದಾಗ ಒಮ್ಮೆ ಎಡಕ್ಕೆ ಕಣಿವೆ, ಇನ್ನೊಮ್ಮೆ ಬಲಕ್ಕೆ. ಯಾವ ಬದಿಯಲ್ಲಿ ಕೂತವರಿಗೂ ಮೋಸವಿಲ್ಲ. ತಿರುವುಗಳಲ್ಲಿ ನಮ್ಮ ರೈಲಿನ ಇಂಜಿನ್ನೇ ಮುಂದಿನ ಸೇತುವೆಯ ಮೇಲೆ ಬಾಗಿ ಹೋಗುವುದು ಕಾಣುತ್ತದೆ. ಬಂಡೆಯಿಂದ ಜಿನುಗುವ ನೀರಿಗೆ ಜರಿಗಿಡಗಳು ಸದಾ ಅಲುಗುತ್ತಿರುತ್ತವೆ. ಮೊಬೈಲಿಗೆ ಸಿಗ್ನಲ್ ಇಲ್ಲ. ಎರಡು ಗಂಟೆ ಹೊರಗಿನ ಯಾರೂ ನಮ್ಮನ್ನು ಕರೆಯಲಾರರು.

ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಎಂಬ ನಿಲ್ದಾಣಗಳ ಸುತ್ತ ಊರೆಂಬುದು ಕಾಣುವುದಿಲ್ಲ, ಕಾಡೇ ಕಾಡು. ಒಬ್ಬ ಸ್ಟೇಷನ್ ಮಾಸ್ತರು, ಕೆಲವು ನೌಕರರು, ಒಂದು ನಾಯಿ. ಹಳಿಯ ಪಕ್ಕದಲ್ಲಿ ಆಗಾಗ ಒಬ್ಬೊಬ್ಬರೇ ನಿಂತವರು ಸಿಗುತ್ತಾರೆ. ಮಳೆಕೋಟು, ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಇನ್ನೊಂದು ಕೈಯಲ್ಲಿ ಸುತ್ತಿ ಹಿಡಿದ ಹಸಿರು ಬಾವುಟ. ಒಮ್ಮೆ ರೈಲು ಬಹಳ ನಿಧಾನವಾದಾಗ ಅಂಥವರೊಬ್ಬರನ್ನು ಕೈಯಳತೆಯಲ್ಲಿ ನೋಡಿದೆ. ಅವರ ಕಣ್ಣು ಪ್ರಯಾಣಿಕರ ಮೇಲೆ ಇರಲಿಲ್ಲ. ಗಾಲಿಗಳು ಉರುಳುವ ಜಾಗವನ್ನೇ ನೋಡುತ್ತ, ಒಂದೊಂದು ಪೆಟ್ಟಿಗೆ ದಾಟಿದಾಗಲೂ ಕತ್ತು ತುಸು ಬಾಗಿಸಿ ಆಲಿಸುತ್ತಿದ್ದರು. ಗಂಬೂಟಿಗೆ ಉಂಬಳ ಹತ್ತುತ್ತಿತ್ತು. ಕೊನೆಯ ಪೆಟ್ಟಿಗೆ ದಾಟಿದ ಮೇಲೆ ಹಳಿಗೆ ಇಳಿದು ನಡೆಯತೊಡಗಿದರು. 2018ರ ಆಗಸ್ಟಿನಲ್ಲಿ ಈ ಘಟ್ಟದಲ್ಲಿ ಹಲವು ಕಡೆ ಗುಡ್ಡ ಕುಸಿದು ವಾರಗಟ್ಟಲೆ ರೈಲು ನಿಂತಿತ್ತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಬುಡದ ಮಣ್ಣೇ ಜಾರಿಹೋಯಿತು. ಸುರಿಯುವ ಮಳೆಯಲ್ಲೇ ಹಗಲು ರಾತ್ರಿ ದುಡಿದು ಅದನ್ನು ಮತ್ತೆ ಕಟ್ಟಿದರು. ನಮ್ಮ ಎರಡು ಗಂಟೆಯ ಸುಖದ ಕೆಳಗೆ ಇಂಥವರ ನಡಿಗೆ ಇದೆ. ಹಗಲಲ್ಲಿ ಹೋದರೆ ಅವರ ಮುಖ ನೋಡಿ ಒಮ್ಮೆ ಕೈಯೆತ್ತಲಾದರೂ ಆಗುತ್ತದೆ.

ಸುಬ್ರಹ್ಮಣ್ಯ ರೋಡಿನಲ್ಲಿ ಇಳಿದು ನಿಂತರೆ ಮೈಗೆ ಬೆವರು ಬರುತ್ತದೆ, ಕಿವಿಗೆ ತುಳು ಬರುತ್ತದೆ. "ಎಂತ ಬೇಕು?" ಎಂದು ಕೇಳಿ ಚಟ್ಟಂಬಡೆ ಕಟ್ಟಿಕೊಡುತ್ತಾರೆ. ಕಡಲೆಬೇಳೆಯ ಜೊತೆ ಶುಂಠಿ, ಹಸಿಮೆಣಸು ಬಿದ್ದು ಗರಿಗರಿಯಾದ ಆ ವಡೆಗೆ ಕರಾವಳಿ ಬಂತು ಎಂದು ಸಾರುವ ಶಕ್ತಿಯುಂಟು. ಅಲ್ಲಿಂದ ಮುಂದೆ ಅಡಿಕೆ ತೋಟ, ರಬ್ಬರ್ ತೋಟ, ಕೆಂಪು ಮುರಕಲ್ಲಿನ ಗೋಡೆ, ಕಡಿದಾದ ಹಂಚಿನ ಮಾಡು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕೆಂಪು ಸೂರು ದೇಶದ ಎಷ್ಟೋ ಕಡೆಗೆ ಹೋಯಿತು. ಬೆಳಿಗ್ಗೆ ನೆಲಮಂಗಲದಲ್ಲಿ ಚಪ್ಪಟೆ ಮಾಳಿಗೆಯ ಮನೆಗಳನ್ನು ಬಿಟ್ಟು ಬಂದವರಿಗೆ, ಮಳೆ ಎಷ್ಟು ಸುರಿದರೆ ಮಾಡು ಎಷ್ಟು ಬಾಗಬೇಕು ಎಂಬುದು ಪುತ್ತೂರು ಬರುವಷ್ಟರಲ್ಲಿ ಮನೆಗಳೇ ಹೇಳಿಕೊಟ್ಟಿರುತ್ತವೆ. ಮಣ್ಣು, ನೀರು, ಮಾತು, ತಿಂಡಿ, ಸೂರು ಎಲ್ಲ ಒಂದಕ್ಕೊಂದು ಹೊಂದಿಕೊಂಡು ಬದಲಾಗುವುದನ್ನು ಒಂದೇ ಕೂತಲ್ಲಿ ನೋಡಿದ ಮಕ್ಕಳಿಗೆ ಕರ್ನಾಟಕ ಎಂದರೇನು ಎಂದು ಬೇರೆ ಪಾಠ ಬೇಡ.

ಬರುವಾಗಲಾದರೂ ರಾತ್ರಿ ರೈಲಿಗೆ ಬರಬಹುದಲ್ಲ, ನೋಡಿದ್ದನ್ನೇ ಮತ್ತೆ ನೋಡುವುದೇನು ಎಂದು ನೆಂಟರು ಕೇಳುತ್ತಾರೆ. ನೋಡಿದ್ದೇ ಅಲ್ಲ ಅದು. ಏರುವಾಗ ಸುಬ್ರಹ್ಮಣ್ಯ ರೋಡಿನಲ್ಲಿ ರೈಲಿನ ಹಿಂಬದಿಗೆ ಬ್ಯಾಂಕರ್ ಇಂಜಿನ್‌ಗಳನ್ನು ಜೋಡಿಸುತ್ತಾರೆ. ಮುಂದಿನದು ಎಳೆಯುತ್ತದೆ, ಹಿಂದಿನವು ತಳ್ಳುತ್ತವೆ, ಕಬ್ಬಿಣದ ಮೈಯೆಲ್ಲ ಬಿಗಿದು ಆ ಭಾರ ಸೀಟಿನ ಹಲಗೆಯಲ್ಲಿ ಬೆನ್ನಿಗೆ ತಿಳಿಯುತ್ತದೆ. ಇಳಿಯುವಾಗ ಜೊತೆಗೆ ಓಡಿದ ನೀರು ಈಗ ಎದುರಿಗೆ ಬರುತ್ತದೆ. ಇಳಿಯುವಾಗ ಬೆನ್ನ ಹಿಂದಿದ್ದ ಬೆಟ್ಟಗಳು ಈಗ ಕಣ್ಣ ಮುಂದೆ ಏಳುತ್ತವೆ, ಎಷ್ಟು ಎತ್ತರದಿಂದ ಇಳಿದಿದ್ದೆವು ಎಂಬುದು ಏರುವಾಗಲೇ ಗೊತ್ತಾಗುವುದು. ಅದಕ್ಕೇ ಮಂಗಳೂರಿಗೆ ಹೋಗಲು ಟಿಕೆಟ್ ಮಾಡಿಸುವ ದಿನವೇ ಬರುವುದಕ್ಕೂ ಹಗಲು ರೈಲಿನ ಟಿಕೆಟ್ ಮಾಡಿಸುತ್ತೇನೆ. ಈ ದಸರಾ ರಜೆಗೆ ನೀವೂ ಹಾಗೆ ಮಾಡಿ. ಮಕ್ಕಳನ್ನು ಕಿಟಕಿಗೆ ಕೂರಿಸಿ, ಊಟ ಬೇಗ ಮುಗಿಸಿ.