ಮುಖ ದುಂಡಗಾದಾಗ

ಬಹುದಿನಗಳ ಮೇಲೆ ಭೇಟಿಯಾದವರನ್ನು ಕಂಡೊಡನೆ ನಮ್ಮ ಬಾಯಿಂದ ಹೊರಡುವ ಮೊದಲ ಮಾತು ಬಹುಮಟ್ಟಿಗೆ ಅವರ ಮೈಯನ್ನು ಕುರಿತದ್ದೇ ಆಗಿರುತ್ತದೆ. ತೆಳ್ಳಗಾಗಿದ್ದರೆ "ಸೊರಗಿಹೋಗಿದ್ದೀರಲ್ಲ" ಎಂದು ಮರುಗುತ್ತೇವೆ. ದಪ್ಪಗಾಗಿದ್ದರೆ "ಊಟ ಚೆನ್ನಾಗಿ ನಡೆಯುತ್ತಿದೆ" ಎಂದು ನಗುತ್ತೇವೆ. ಸೊರಗಿದವರಿಗೆ ಕಾಯಿಲೆ ಇರಬಹುದೆಂದು ತಟ್ಟನೆ ಹೊಳೆಯುವ ನಮಗೆ, ದಪ್ಪಗಾದವರಿಗೂ ಕಾಯಿಲೆ ಇರಬಹುದೆಂದು ಹೊಳೆಯುವುದು ವಿರಳ. ಪ್ರಿಯ ಓದುಗರೇ, ಅಂಥ ಒಂದು ಕಾಯಿಲೆಯ ಕುರಿತು ಈ ತಿಂಗಳು ನಿಮ್ಮೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳಬಯಸುತ್ತೇನೆ.

ನಮ್ಮ ಎರಡೂ ಮೂತ್ರಪಿಂಡಗಳ ಮೇಲೆ ಟೋಪಿಯಿಟ್ಟಂತೆ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಗಳಿವೆ. ಅವು ಸ್ರವಿಸುವ ಹಾರ್ಮೋನುಗಳಲ್ಲಿ ಕಾರ್ಟಿಸೋಲ್ ಒಂದು. ಅದಿಲ್ಲದೆ ನಾವು ಬದುಕಲಾರೆವು. ಮುಂಜಾನೆ ಏರಿ ನಡುರಾತ್ರಿಗೆ ಇಳಿಯುವುದು ಅದರ ಸಹಜ ಲಯ. ಆ ಲಯ ತಪ್ಪಿ, ಅದು ಹಗಲಿರುಳೂ ಅತಿಯಾಗಿಯೇ ಉಳಿದರೆ ಉಂಟಾಗುವ ಸ್ಥಿತಿಯೇ ಕುಶಿಂಗ್ ಸಿಂಡ್ರೋಮ್. ಅಮೆರಿಕದ ಮೆದುಳಿನ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ 1912ರಲ್ಲಿ ಇಂಥ ಯುವತಿಯೊಬ್ಬಳ ವಿವರಗಳನ್ನು ಪ್ರಕಟಿಸಿದರು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಣ್ಣ ಗಡ್ಡೆಗೂ ಈ ಕಾಯಿಲೆಗೂ ಇರುವ ನಂಟನ್ನು 1932ರಲ್ಲಿ ವಿವರಿಸಿದರು. ಅಡ್ರಿನಲ್ ಗ್ರಂಥಿಯಲ್ಲಿಯೇ ಗಡ್ಡೆ ಬೆಳೆದರೂ ಹೀಗಾಗಬಹುದು. ಇವೆಲ್ಲ ಅಪರೂಪ. ಉಬ್ಬಸಕ್ಕೋ ಕೀಲುನೋವಿಗೋ ಸ್ಟೀರಾಯ್ಡ್ ಔಷಧಿಯನ್ನು ಬಹುಕಾಲ ಸೇವಿಸುವುದೇ ಹೆಚ್ಚು ಸಾಮಾನ್ಯವಾದ ಕಾರಣ.

ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರವೊಂದರಲ್ಲಿ ಮೂವತ್ತೈದರ ಆಸುಪಾಸಿನ ಗೃಹಿಣಿಯೊಬ್ಬರಿದ್ದರು. ಅವರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಎರಡು ಮೂರು ವರ್ಷಗಳಲ್ಲಿ ಅವರ ಮುಖ ಹುಣ್ಣಿಮೆಯ ಚಂದ್ರನಂತೆ ದುಂಡಗಾಯಿತು, ಹೊಟ್ಟೆ ಬೆಳೆಯಿತು. ಕೈಕಾಲುಗಳು ಮಾತ್ರ ಸಣಕಲಾಗುತ್ತ ಹೋದವು. ರಕ್ತದೊತ್ತಡಕ್ಕೆ ಒಬ್ಬ ವೈದ್ಯರು, ಸಕ್ಕರೆಗೆ ಇನ್ನೊಬ್ಬರು, ಮುಟ್ಟಿನ ಏರುಪೇರಿಗೆ ಮತ್ತೊಬ್ಬರು, ನಿದ್ರೆಯಿಲ್ಲದ ರಾತ್ರಿಗಳಿಗೂ ಕಾರಣವಿಲ್ಲದ ಅಳುವಿಗೂ ಬೇರೊಬ್ಬರು. ಪ್ರತಿಯೊಬ್ಬರೂ ತಮ್ಮ ಮುಂದಿದ್ದ ತೊಂದರೆಗೆ ಸರಿಯಾದ ಮಾತ್ರೆಯನ್ನೇ ಬರೆದುಕೊಟ್ಟರು. ಆದರೆ ಆ ಚೀಟಿಗಳೆಲ್ಲ ಒಂದೇ ಮೇಜಿನ ಮೇಲೆ ಒಟ್ಟಾಗಿ ಬೀಳಲೇ ಇಲ್ಲ.

ದೇವಾಲಯದಲ್ಲಿ ಮೊಣಕಾಲೂರಿದ ಮೇಲೆ ಮುಂದಿನ ಬೆಂಚನ್ನು ಎರಡೂ ಕೈಗಳಿಂದ ಹಿಡಿಯದೆ ಏಳಲು ಅವರಿಗೆ ಆಗುತ್ತಿರಲಿಲ್ಲ. ತೊಡೆಯ ಸ್ನಾಯುಗಳು ಕರಗುತ್ತಿದ್ದವೆಂಬುದು ಆಗ ಯಾರಿಗೂ ತಿಳಿಯದು. ಕೆಲಕಾಲದ ಮೇಲೆ ಅವರು ಮೊಣಕಾಲೂರುವುದನ್ನೇ ಬಿಟ್ಟರು. ಸೋಮಾರಿತನ ಎಂದರು ಕೆಲವರು. ಬಾಯಿಚಪಲ ಎಂದರು ಮತ್ತೆ ಕೆಲವರು. "ಫಾದರ್, ನಾನು ರಾತ್ರಿ ಊಟ ಬಿಟ್ಟು ಆರು ತಿಂಗಳಾಯಿತು. ಯಾರೂ ನಂಬುವುದಿಲ್ಲ" ಎಂದು ಒಮ್ಮೆ ನನ್ನೊಡನೆ ಹೇಳಿದರು. ಕೊನೆಗೆ, ನೀರಿನ ಬಿಂದಿಗೆ ಎತ್ತುವಾಗ ಬೆನ್ನಿನ ಮೂಳೆಯೊಂದು ಕುಸಿದು ಆಸ್ಪತ್ರೆ ಸೇರಿದರು. ಅಲ್ಲಿನ ಯುವ ವೈದ್ಯೆಯೊಬ್ಬರು ಅವರ ಹೊಟ್ಟೆಯ ಮೇಲಿದ್ದ ಅಗಲವಾದ ನೇರಳೆ ಗೆರೆಗಳನ್ನು ನೋಡಿ, "ನಿಮ್ಮ ಹಳೆಯ ಫೋಟೋ ಇದೆಯೇ?" ಎಂದು ಕೇಳಿದರು. ಮದುವೆಯ ಫೋಟೋದಲ್ಲಿದ್ದ ಮುಖವನ್ನೂ ಹಾಸಿಗೆಯಲ್ಲಿದ್ದ ಮುಖವನ್ನೂ ಹೋಲಿಸಿದ ಮೇಲೆ ಸರಿಯಾದ ಪರೀಕ್ಷೆಗಳಿಗೆ ದಾರಿಯಾಯಿತು.

ಇಂಥ ವಿಳಂಬ ಅವರೊಬ್ಬರ ಪಾಲಿಗೆ ಮಾತ್ರ ಬಂದುದಲ್ಲ. ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಈ ಕಾಯಿಲೆಯನ್ನು ಗುರುತಿಸಲು ಸರಾಸರಿ 34 ತಿಂಗಳುಗಳು ಹಿಡಿಯುತ್ತವೆ. ಅಷ್ಟು ಕಾಲ ಕಾರ್ಟಿಸೋಲ್ ಸುಮ್ಮನಿರುವುದಿಲ್ಲ. ಮೂಳೆಗಳು ಟೊಳ್ಳಾಗುತ್ತವೆ, ಸೋಂಕನ್ನು ಎದುರಿಸುವ ಶಕ್ತಿ ಕುಗ್ಗುತ್ತದೆ, ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಚಿಕಿತ್ಸೆಯೇ ಇಲ್ಲದಿದ್ದರೆ ಪ್ರಾಣಕ್ಕೇ ಕುತ್ತು. ಗಡ್ಡೆಯನ್ನು ತೆಗೆದ ಮೇಲೂ ಈ ಅಪಾಯಗಳಲ್ಲಿ ಕೆಲವು ವರ್ಷಗಟ್ಟಲೆ ಉಳಿಯುತ್ತವೆ. ಆದುದರಿಂದಲೇ ಬೇಗ ಗುರುತಿಸುವುದಕ್ಕೆ ಇಷ್ಟು ಬೆಲೆ.

ಆರಂಭದ ಪರೀಕ್ಷೆಗಳು ಕಠಿಣವಾದವುಗಳಲ್ಲ. ರಾತ್ರಿ 11 ಗಂಟೆಗೆ ಡೆಕ್ಸಾಮೆಥಾಸೋನ್ ಮಾತ್ರೆ ಕೊಟ್ಟು ಮರುದಿನ ಬೆಳಿಗ್ಗೆ ರಕ್ತದಲ್ಲಿ ಕಾರ್ಟಿಸೋಲ್ ಇಳಿದಿದೆಯೇ ಎಂದು ನೋಡುವುದುಂಟು. ತಡರಾತ್ರಿಯ ಜೊಲ್ಲಿನಲ್ಲಿ ಅಥವಾ 24 ಗಂಟೆಗಳ ಮೂತ್ರದಲ್ಲಿ ಅಳೆಯುವುದೂ ಉಂಟು. ದಪ್ಪಗಿರುವವರೆಲ್ಲರಿಗೂ ಈ ಕಾಯಿಲೆಯಿದೆ ಎಂದು ಯಾರೂ ಹೆದರಬೇಕಾಗಿಲ್ಲ. ಆದರೆ ದುಂಡು ಮುಖ, ನೇರಳೆ ಗೆರೆಗಳು, ಸ್ವಲ್ಪ ತಗುಲಿದರೂ ಕಂದುವ ತೆಳು ಚರ್ಮ, ಕುಕ್ಕರಗಾಲಿನಿಂದ ಏಳಲಾಗದ ನಿಶ್ಶಕ್ತಿ, ಚಿಕ್ಕ ವಯಸ್ಸಿಗೇ ರಕ್ತದೊತ್ತಡ ಅಥವಾ ಮೂಳೆಮುರಿತ, ಇವುಗಳಲ್ಲಿ ಹಲವು ಒಟ್ಟಿಗೆ ಕಂಡರೆ ಎಲ್ಲ ಚೀಟಿಗಳನ್ನೂ ಒಂದು ಹಳೆಯ ಫೋಟೋವನ್ನೂ ತೆಗೆದುಕೊಂಡು ಹಾರ್ಮೋನು ತಜ್ಞರ ಬಳಿಗೆ ಹೋಗಿ. ಇನ್ನೊಂದು ಎಚ್ಚರಿಕೆ: ಬಹುಕಾಲದಿಂದ ಸ್ಟೀರಾಯ್ಡ್ ಸೇವಿಸುತ್ತಿರುವವರು ಇದನ್ನು ಓದಿ ಹೆದರಿ ಅದನ್ನು ಹಠಾತ್ತನೆ ನಿಲ್ಲಿಸಬಾರದು. ಆಗ ಶರೀರದ ಸ್ವಂತ ಗ್ರಂಥಿಗಳು ಮಂಕಾಗಿರುವುದರಿಂದ ಜೀವಕ್ಕೇ ಅಪಾಯವಾದೀತು. ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಇಳಿಸಬೇಕು.

ಆ ತಾಯಿಗೆ ಮೂಗಿನ ಮೂಲಕ ಪಿಟ್ಯುಟರಿ ಗಡ್ಡೆಯ ಶಸ್ತ್ರಚಿಕಿತ್ಸೆಯಾಯಿತು. ಅತಿಯಾಗಿದ್ದ ಕಾರ್ಟಿಸೋಲ್ ಒಮ್ಮೆಲೇ ಇಳಿದುದರಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಅವರು ಮಾತ್ರೆಯ ಆಸರೆಯಲ್ಲಿದ್ದರು. ಮೈಯೆಲ್ಲ ನೋವು, ಆಯಾಸ. "ಆಪರೇಶನ್ ಆಯಿತಲ್ಲ, ಇನ್ನೂ ಏಕೆ ಮಲಗಿದ್ದಾಳೆ?" ಎಂಬ ಮಾತು ಆಗಲೂ ಕೇಳಿಬಂತು. ಅವರ ಪತಿ ಮಾತ್ರ ಯಾರಿಗೂ ಉತ್ತರ ಕೊಡದೆ ನೀರು ಹೊತ್ತು, ಅಡುಗೆ ಮಾಡಿ, ಮಕ್ಕಳನ್ನು ಶಾಲೆಗೆ ಕಳುಹಿಸಿದರು. ಈಗ ಆಕೆ ಮೆಲ್ಲಗೆ ನಡೆದಾಡುತ್ತಾರೆ; ಬೆನ್ನು ಹಿಂದಿನಂತಾಗಿಲ್ಲ, ಒತ್ತಡದ ಮಾತ್ರೆ ಬಿಟ್ಟಿಲ್ಲ.

ಮುಂದಿನ ಭಾನುವಾರ ಪೂಜೆಯ ನಂತರ ಅಂಗಳದಲ್ಲಿ ಯಾರಾದರೂ ಬದಲಾದ ಮುಖದೊಡನೆ ಎದುರಾದರೆ, ಅವರ ತಟ್ಟೆಯ ಲೆಕ್ಕ ಹಾಕದಿರೋಣ. "ಮೈಯಲ್ಲಿ ಹೇಗಿದೆ?" ಎಂದು ಕೇಳಿ, ಅವರು ಹೇಳುವುದನ್ನು ನಂಬೋಣ. ಅಗತ್ಯವಿದ್ದರೆ ಆಸ್ಪತ್ರೆಗೆ ಜೊತೆಯಾಗಿ ಹೋಗೋಣ.